ಕೊಂಡವರಿಗೆ ಒಂದು ಚೀಟಿ

ಸಹಿ ಹಾಕಿದೆ. ಆ್ಯಪು ಇನ್ನು ನಿಮ್ಮದು.
ಹೆಸರು, ನೀಲಿ ಬಂಗುಡೆಯ ಚಿತ್ರ,
ಸಾವಿರದ ನೂರ ಹನ್ನೆರಡು ಫೋನುಗಳು.
ಒಂದು ಮಾತ್ರ ಕರಾರಿನಲ್ಲಿ ಬರೆದಿಲ್ಲ:

ಬೆಳಗಿನ ನಾಲ್ಕೂವರೆಗೆ
ಮಂಜೇಶ್ವರದ ಬಂದರಿಗೆ ದೋಣಿ ತಾಗಿದ ಕೂಡಲೆ
ಜಲಜಕ್ಕನ ತಲೆದಿಂಬಿನಡಿ ಒಮ್ಮೆ ಗುಂಯ್ ಎನ್ನಬೇಕು.
‘ಬೂತಾಯಿ ಬಂತು’, ಅಷ್ಟೇ.
ಬುಟ್ಟಿ ಎತ್ತಲು ಅವಳಿಗೆ ಅಷ್ಟು ಸಾಕು.

ಫೋನುಗಳ ವಿಳಾಸ ಹಾಗೇ ಉಳಿಯುತ್ತದೆ, ಹೆದರಬೇಡಿ.
ಕೀಲಿ ಮಾತ್ರ ನನ್ನ ಹೆಸರಲ್ಲಿ ಉಂಟು.
ಅದು ಒಂದು ದಿನ ಸಾಯುತ್ತದೆ, ಸದ್ದಿಲ್ಲದೆ.
ಯಾರೂ ದೂರು ಕೊಡುವುದಿಲ್ಲ.
ಇವತ್ತು ಮೀನಿಲ್ಲ ಎಂದುಕೊಂಡು
ಮಗ್ಗುಲು ಬದಲಿಸುತ್ತಾರೆ.

ಹಾಗಾಗಿ ಹೊಸ ಕೀಲಿ ಮೊದಲು ಮಾಡಿಸಿ,
ಹಳೆಯದನ್ನು ಆಮೇಲೆ ಮುರಿಯಿರಿ.
ನಡುವೆ ಒಂದು ವಾರ ಎರಡೂ ಇರಲಿ.
ಮೊಯ್ದುಂಞಿಯ ಫೋನಿಗೆ ಕಳಿಸಿ ನೋಡಿ;
ತಪ್ಪಿದರೆ ಬೈಯುತ್ತಾನೆ, ಮಲಯಾಳದಲ್ಲೇ,
ನಿಮಗದು ಸಲೀಸು.

ನನ್ನಜ್ಜ ಉಪ್ಪಳದಲ್ಲಿ ಟಪಾಲು ಹಂಚುತ್ತಿದ್ದರು.
ಐವತ್ತಾರರಲ್ಲಿ ರಾಜ್ಯ ಬದಲಾದ ಮೇಲೂ
ಹಳೆಯ ಜಿಲ್ಲೆಯ ಹೆಸರು ಹೊತ್ತ ಕಾರ್ಡುಗಳು
ವರ್ಷಗಟ್ಟಲೆ ಬರುತ್ತಲೇ ಇದ್ದವು.
ಪೆನ್ಸಿಲಿನಲ್ಲಿ ಒಂದು ಗೀರು ಎಳೆದು
ಆಯಾ ಮನೆಗೇ ಮುಟ್ಟಿಸುತ್ತಿದ್ದರು.
ಬದಲಾದದ್ದು ಅವರಿಗೆ
ಠಾಣೆಯ ಬೋರ್ಡಿನಲ್ಲಿ ಮಾತ್ರ ಕಂಡಿತಂತೆ.

ಮತ್ತೊಂದು, ನೀವು ಕೇಳದಿದ್ದರೂ:
‘ಬೂತಾಯಿ’ಯನ್ನು ‘ಮತ್ತಿ’ ಮಾಡಬೇಡಿ.
ಮೀನು ಅದೇ, ಗೊತ್ತುಂಟು. ಆದರೂ.

ನಾಳೆ ನಾಲ್ಕೂವರೆಗೆ ನಾನೂ ಎದ್ದಿರುತ್ತೇನೆ.
ನನ್ನ ಫೋನಿನಿಂದ ಇನ್ನೂ ಅಳಿಸಿಲ್ಲ.