ಗೆರೆ ಎಳೆಯುವ ಮುಂಚೆ

ಮತ್ತೆ ಬಂದರು ಇಬ್ಬರೂ, ಟೊಪ್ಪಿಯ ಹಿಮ ಕೊಡವುತ್ತಾ,
ನನ್ನನ್ನು ನಡುವೆ ಕೂರಿಸಿಕೊಂಡು ಅದೇ ವ್ಯಾಜ್ಯ:
"ನೀನೇ ಹೇಳು ಎಲ್ವೀರಾ, ಇಬ್ಬರನ್ನೂ ಕಂಡವಳು.
ಜಿಗ್ಮಾಸನೋ ಕಾಯುಸನೋ, ಯಾರು ದೊಡ್ಡವನು?"

ಕೌನಸ್ ಊರಲ್ಲಿ ಇದು ಹೊತ್ತು ಕಳೆಯುವ ಮಾತಲ್ಲ.
ಇದರಿಂದ ನಿಶ್ಚಯವಾದ ಮದುವೆ ಮುರಿದದ್ದುಂಟು,
ಷಡ್ಡಕರು ಹದಿನಾಲ್ಕು ವರ್ಷ ಮಾತು ಬಿಟ್ಟದ್ದುಂಟು.

ಬ್ರೋನ್ಯುಸ್ ಹೇಳುತ್ತಾನೆ: ಆಗಿನ ಚೆಂಡು ಚರ್ಮದ್ದು,
ಬೆವರು ಕುಡಿದು ಕುಡಿದು ಎರಡನೇ ಅರ್ಧಕ್ಕೆ
ಕುಂಬಳಕಾಯಿಯಷ್ಟು ಭಾರ.
ಪಕ್ಕೆಲುಬು ಮುರಿದರೂ ಸೀಟಿ ಊದುತ್ತಿರಲಿಲ್ಲ.
ವಿಲ್ಯುಸ್ ನಗುತ್ತಾನೆ: ಅವನನ್ನು ಕಾಯುತ್ತಿದ್ದವರು ಯಾರು?
ವಿರಾಮದಲ್ಲಿ ಸಿಗರೇಟು ಸೇದುವ ಬೆಸುಗೆಯವರು!
ಇವತ್ತಾದರೆ ಅರ್ಧ ಅಂಗಳ ದಾಟುವ ಮೊದಲೇ
ಚೆಂಡು ಕೈಬಿಟ್ಟಿರುತ್ತಿತ್ತು.

ಒಂದೇ ತಕ್ಕಡಿ, ಎರಡು ಕಾಲದ ಕಪ್ಪೆಗಳು.
ಒಂದನ್ನು ಕೂರಿಸುವಷ್ಟರಲ್ಲಿ ಇನ್ನೊಂದು ನೆಗೆದಿರುತ್ತದೆ.
ನಾನು ಚಹಾ ಬಗ್ಗಿಸುತ್ತೇನೆ.

ನಾನು ಅಂಕದ ಮೇಜಿನವಳು.
ಎರಕದ ಕಾರ್ಖಾನೆಯ ಆಟದ ಮನೆಯಲ್ಲಿ
ನಲವತ್ತೊಂಬತ್ತು ಚಳಿಗಾಲ ಪೆನ್ಸಿಲ್ ಚೂಪು ಮಾಡಿದವಳು.
ಊರೆಲ್ಲ ಚೆಂಡಿನ ಹಿಂದೆ ಕತ್ತು ತಿರುಗಿಸುವಾಗ
ನಾನು ನೋಡುತ್ತಿದ್ದದ್ದು ಪಾದ.

ಬಲಗಡೆ, ಒಡೆದ ಕಿಟಕಿಯ ಕೆಳಗೆ,
ಓಕ್ ಹಲಗೆಯಲ್ಲೊಂದು ಕಪ್ಪು ಗಂಟು,
ಕುದುರೆಯ ಕಣ್ಣಿನ ಹಾಗೆ.
ಪಾಳಿ ಮುಗಿಸಿ ಬರುತ್ತಿದ್ದ ಜಿಗ್ಮಾಸ್,
ರೆಪ್ಪೆಯಲ್ಲಿ ಇನ್ನೂ ಮಸಿ,
ಹಿಮ್ಮಡಿಯನ್ನು ಆ ಕಣ್ಣಿನ ಮೇಲೆ ಊರಿ ಎಸೆಯುತ್ತಿದ್ದ.
ಅಷ್ಟು ದೂರದಿಂದ ಯಾಕೋ, ಎಂದು ಕೋಚ್ ಬೈಯುತ್ತಿದ್ದ.
ಆಗ ನೆಲದ ಮೇಲೆ ಆ ಗೆರೆ ಇರಲಿಲ್ಲ.
ಹತ್ತಿರದ್ದೂ ಎರಡು, ದೂರದ್ದೂ ಎರಡು.
ದೂರ ಎಂಬುದು ಅವನ ಖಯಾಲಿ, ಅಷ್ಟೇ.

ಅರವತ್ತೇಳರ ಫೆಬ್ರವರಿ, ರೀಗಾದವರ ಎದುರು:
ಮೂವತ್ತೊಂದು ಅಂಕ.
ಹದಿಮೂರು ಎಸೆತ, ಹದಿಮೂರೂ ಗಂಟಿನಿಂದ. ಐದು ದಂಡದವು.
ಹಾಳೆ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ.

ಎಂಬತ್ತನಾಲ್ಕರಲ್ಲಿ ಗೆರೆ ಬಂತು.
ಬಣ್ಣ ಆರುವ ಮೊದಲೇ ಜಿಗ್ಮಾಸ್ ಬಂದ, ಹೊಟ್ಟೆ ಬಂದಿತ್ತು,
ಗೆರೆಯಿಂದ ಗಂಟಿಗೆ ಬೂಟಿನಲ್ಲೇ ಅಳೆದ:
ಒಂದೂವರೆ ಬೂಟು ಆಚೆ.
"ಬಸ್ಸು ಹೋದ ಮೇಲೆ ಟಿಕೆಟ್ಟು" ಎಂದು ನಕ್ಕು
ಮೀನು ಕೊಳ್ಳಲು ಹೋದ.
ಅಂದು ರಾತ್ರಿ ಹಾಳೆ ತೆಗೆದು ಕೂಡಿದೆ: ನಲವತ್ತನಾಲ್ಕು.
ಯಾರಿಗೂ ಹೇಳಲಿಲ್ಲ.

ನಾನು ಮೇಜು ಬಿಡುವ ವರ್ಷ
ಆ ಗೆರೆಯನ್ನು ಅರ್ಧ ಮೀಟರು ಹಿಂದಕ್ಕೆ ಸರಿಸಿದರು.
ಅವನು ಮಣ್ಣಾಗಿ ಆರು ವರ್ಷ.
ಈ ಸಲ ಮೊಣಕಾಲೂರಿ ನಾನೇ ಅಳೆದೆ:
ಗಂಟು ಮೂರು ಬೆರಳು ಒಳಗೆ.
ಸತ್ತವನ ಹದಿಮೂರು ಅಂಕ
ಸುಣ್ಣದಂತೆ ಉದುರಿಹೋಯಿತು.
ಅದನ್ನೂ ಹೇಳಲಿಲ್ಲ.

ಹೋದ ಬೇಸಿಗೆ ನೆಲ ಕಿತ್ತರು. ಆ ಹಲಗೆ ನನಗೆ ಬೇಕೆಂದೆ.
ನಾಲ್ಕು ಮಹಡಿ ಹೊತ್ತು ತಂದವನು ಕಾಯುಸ್,
ಹತ್ತೊಂಬತ್ತರ ಹುಡುಗ,
ಎಡ ಮೊಣಕಾಲಿಗೆ ಆಗಲೇ ಎರಡು ಶಸ್ತ್ರಚಿಕಿತ್ಸೆ.
ಅಡುಗೆಮನೆಯಲ್ಲಿ ಇಳಿಸಿ, ಏದುಸಿರು ಬಿಡುತ್ತಾ,
ಎಲ್ಲಿ ಎಂದು ಕೇಳದೆಯೇ
ಹಿಮ್ಮಡಿಯನ್ನು ಗಂಟಿನ ಮೇಲಿಟ್ಟ.
ಸ್ವಲ್ಪ ಸರಿಸಿದ. ಮತ್ತೆ ಇಟ್ಟ.
ಒಲೆಯ ಮೇಲಿನ ಗಾಳಿಯಲ್ಲಿ ಏನನ್ನೋ ನೋಡಿದ.

ಆಮೇಲೆ ಕೈಗೆ ಸಿಕ್ಕ ಪಾತ್ರೆಯೊರೆಸುವ ಬಟ್ಟೆ ಉಂಡೆ ಮಾಡಿ
ಎಸೆದ. ಅದು ಸಬ್ಬಸಿಗೆ ಕುಂಡ ಸವರಿ
ಬೀಟ್‌ರೂಟ್ ಸಾರಿನ ಪಾತ್ರೆಯೊಳಗೆ ಬಿತ್ತು.

"ಎರಡಾ, ಅಜ್ಜಿ, ಮೂರಾ?"

ಗೋಡೆಯೆಲ್ಲ ಗುಲಾಬಿ ಚುಕ್ಕೆ.
ನಾನು ಪೆನ್ಸಿಲ್ ಹುಡುಕುತ್ತಿದ್ದೆ.