ದಾರದ ವಾಸನಿ

ಬಟ್ಟಿ ಗುರ್ತಾ ಹಿಡಿಯೋದು ಖೈರೂಬಿ ಕಲಿಸ್ಯಾಳ:
ಒಂದೆಳಿ ಕಿತ್ತು ಕಡ್ಡಿ ಗೀರು.
ಕಾಗದ ಸುಟ್ಟಂಗ ವಾಸನಿ ಬಂದ್ರ ಹತ್ತಿ,
ಕರಗಿ ಕರೀ ಮಣಿ ಆಗಿ ಕೂತ್ರ ಪಾಲಿಸ್ಟರ್.
ಅದು ಯಾರಿಗೂ ಬ್ಯಾಡ, ಮಣ್ಣಿಗೂ.

ಮುಂಜಾನಿ ಗಾಡಿ ಬಂದು ಸುರೀತದ,
ಜಗತ್ ಕಡೀದು, ಶಹಾಬಜಾರದ್ದು, ಎಲ್ಲಾ ಒಂದೇ ಗುಂಪಿ.
ಅಂಗೀಗಿ ಏನೂ ಆಗಿರಂಗಿಲ್ಲ,
ಮ್ಯಾಲ ಹಳಸಿದ ಪುಂಡಿಪಲ್ಯಾ ಬಿದ್ದಿರ್ತದ.
ಒಣಾ ಬನೀನಿಗಿ ಕಿಲೋಕ್ಕಿಷ್ಟು ಅಂತ ರೊಕ್ಕ ಅದ,
ಹಸೀದು ಸತ್ತಂಗ.
ಒಂದು ಬ್ಯಾರೆ ಚೀಲ ಕೊಡ್ರವ್ವಾ ಅಂದ್ರ
ಬಾಗಲಾ ಹಾಕ್ಕೋತಾರ.

ಗುಂಡಿ ಕಿತ್ತು ಡಬ್ಬಿಗಿ. ಜಿಪ್ ಬ್ಯಾರೆ.
ಸಾಲಿ ಅಂಗಿ ಕಿಸೆದಾಗ ಒಮ್ಮೊಮ್ಮೆ ಬಳಪ.

ನಿನ್ನಿ ಒಂದು ಚಾದರ ಸಿಕ್ತು.
ಆಚೀ ಬೆಳಕು ಕಾಣೋವಷ್ಟು ನಡುವ ಸವದಿತ್ತು.
ಅಂಚಿನಾಗ ನೀಲಿ ಮುದ್ರಿ: ಎಂ.ಎಸ್.ಕೆ. ಮಿಲ್.
ಈಗ ಆ ಹೆಸರಿಗಿ ಆಟೋ ನಿಲ್ತಾವ,
ಮಗ್ಗದ ಸಪ್ಪಳಿಲ್ಲ.
ನಮ್ಮಪ್ಪ ಅಲ್ಲಿ ಎರಡನೇ ಪಾಳಿ ಮಾಡಿದಾವ.
ಮನಿಗಿ ಬಂದ್ರ ಹುಬ್ಬಿನ ಮ್ಯಾಲ
ಹತ್ತಿ ಕೂತಿರ್ತಿತ್ತು,
ನಾವು ಊದಿ ಹಾರಿಸ್ತಿದ್ವಿ.

ಇದರ ಎಳಿ ಕಿತ್ತಲಿಲ್ಲ, ಕಡ್ಡಿ ಗೀರಲಿಲ್ಲ.
ಇಟ್ಕೋತಿ ಏನಬೇ, ಅಂದಳು ಖೈರೂಬಿ.
ಏನಂತ ಇಟ್ಕೊಳ್ಳಲಿ. ಬಿಳೇ ಹತ್ತಿ,
ಗಂಜಿನ ಗ್ಯಾರೇಜಿನವ್ರು ಕೇಳಿ ತಗೋತಾರ,
ಆಯಿಲ್ ಕೈ ಒರಸ್ಲಿಕ್ಕ ಇದಕ್ಕಿಂತ ಛಲೋದಿಲ್ಲ.

ತೊಳದು, ಒಣಗ್ಸಿ, ಗೇಣುದ್ದ ಹರಕೋತ ಹೋದೆ.
ಅಂಚು ಇನ್ನಾ ಗಟ್ಟಿ ಇತ್ತು, ಹರೀಲಿಲ್ಲ.
ಅದರಲೇ ಗಂಟು ಬಿಗಿದೆ,
ಮುದ್ರಿ ಹೊರಗ ಕಾಣೋಹಂಗ.