ಎಣಿಕೆ

ಅಂಗಡಿಯವನು ನಕ್ಕ: "ಕೈದಿ ಮೀನು, ಬಾಯಿ,
ನಿಮಗೇ ಹೇಳಿಮಾಡಿಸಿದ್ದು."
ಬೂದಿ ಮೈಗೆ ಕಪ್ಪು ಪಟ್ಟೆ, ಜೋಡಿಗೆ ನೂರಿಪ್ಪತ್ತು.
ಖಾಕಿ ಸೀರೆಯ ಮಡಿಲಲ್ಲಿ ನೀರಿನ ಚೀಲವಿಟ್ಟುಕೊಂಡು
ಬಸ್ಸಿನಲ್ಲಿ ಯೆರವಡಾದವರೆಗೆ ಬಂದೆ.
ಬ್ರೇಕು ಬಿದ್ದಾಗಲೆಲ್ಲ ಎರಡೂ ಒಂದೇ ಮೂಲೆಗೆ.

ಕ್ವಾರ್ಟರ್ಸಿನ ಕಿಟಕಿಯ ಕೆಳಗೆ ಎರಡಡಿ ಗಾಜು.
ಒಡೆದ ಹೂವಿನ ಕುಂಡ ಬೋರಲು ಹಾಕಿದ್ದೆ, ಅದೇ ಅವಕ್ಕೆ ಮನೆ.
ಹೆಣ್ಣಿನ ಹೊಟ್ಟೆ ಕಿತ್ತಳೆಗೆ ತಿರುಗಿತು.
ಒಂದು ಗುರುವಾರ ನೋಡಿದರೆ ಕುಂಡದ ಒಳಮೈಗೆ
ನವಣೆ ಒತ್ತಿ ಅಂಟಿಸಿದ ಹಾಗೆ ತತ್ತಿ.

ರಾತ್ರಿಯಿಡೀ ರೆಕ್ಕೆಯಲ್ಲಿ ಗಾಳಿ ಹಾಕಿದಳು.
ಬೆಳ್ಳಗಾದವನ್ನು ಹೆಕ್ಕಿ ಹೆಕ್ಕಿ ತಿಂದಳು.
ಅಕ್ಕಲಕೋಟೆಯಿಂದ ತಂಗಿ ಫೋನಿನಲ್ಲಿ, "ಅಯ್ಯ ಶಿವನ, ತಾಯೀನಾ?"
ಹೌದವ್ವ, ತಾಯೀನ.
ಸತ್ತದ್ದರ ಬೂಸ್ಟು ಇದ್ದದ್ದಕ್ಕೆ ಹತ್ತಬಾರದಲ್ಲ.

ಬೆಳಿಗ್ಗೆ ಐದೂವರೆಗೆ ನನ್ನ ಎಣಿಕೆ.
ಜೋಡಿ ಜೋಡಿಯಾಗಿ ಕೂತ ಹೆಂಗಸರು, ಕೆದರಿದ ಜಡೆ, ಆಕಳಿಕೆ.
ನಾಲ್ಕನೇ ಬ್ಯಾರಕ್: ಮೂವತ್ತೆಂಟು. ಮಕ್ಕಳು ಮೂರು.
ಮಕ್ಕಳದು ಬೇರೆ ಕಾಲಮ್ಮು, ಅವರು ಕೈದಿಗಳಲ್ಲ.
ಓವಿ ಮಾತ್ರ ಅವ್ವನ ಪಕ್ಕ ಸಾಲಿನಲ್ಲೇ ಕೂತು ಕೈಯೆತ್ತುತ್ತಾಳೆ,
"ನನ್ನನ್ನೂ ಎಣಿಸು."

ಮೂರನೇ ದಿನಕ್ಕೆ ಒಡೆದವು.
ಹಳದಿ ಗಂಟಿಗೆ ಕಟ್ಟಿದ ಹಸಿ ನೂಲು, ಬರೀ ಮಿಡುಕು.
ಆಮೇಲೆ ಒಂದು ಮುಂಜಾನೆ ಎಲ್ಲವೂ ಎದ್ದು ಈಜುತ್ತಿದ್ದವು.
ಬೇಯಿಸಿದ ತತ್ತಿಯ ಹಳದಿಯನ್ನು ಕರ್ಚೀಫಿನಲ್ಲಿ ಹಿಂಡಿದೆ,
ಹೆಚ್ಚಾಯಿತು, ನೀರು ನಾರಿತು, ಹದಿನೇಳು ಸತ್ತವು.
ಅದೊಂದೇ ನನ್ನ ಸರಿಯಾದ ಲೆಕ್ಕ.
ಆಮೇಲೆ ಕಲಿತೆ: ಬೋರಲು ಬಿಸ್ಲೇರಿ ಬಾಟಲಿ, ಉಪ್ಪು ನೀರು,
ಕಣ್ಣಿಗೆ ಕಾಣದ ಸೀಗಡಿಮರಿಗಳ ಕೆಂಪು ಧೂಳು,
ಫಿಲ್ಟರಿನ ಬಾಯಿಗೆ ನನ್ನ ಡ್ಯೂಟಿಯ ಹಳೇ ಕಾಲುಚೀಲ.

ದೀಪ ಆರಿಸುವ ಹೊತ್ತಿಗೆ ಗಂಡು ಹೊರಡುತ್ತಾನೆ.
ಚೆದುರಿದವನ್ನು ಬಾಯಲ್ಲಿ ತುಂಬಿಕೊಂಡು
ಮರಳಿನ ಕುಳಿಗೆ ತಂದು ಉಗಿಯುತ್ತಾನೆ, ಮತ್ತೆ ಹೋಗುತ್ತಾನೆ.
ಇದು ನನಗೆ ಗೊತ್ತಿರುವ ಕೆಲಸ. ಸಂಜೆಯ ಬೀಗ.
ಆದರೆ ಅವನ ಹತ್ತಿರ ಪುಸ್ತಕವಿಲ್ಲ.
ಪಂಪಿನ ಹಿಂದೆ ಒಂದೇ ಒಂದು ಉಳಿದರೂ ತಿರುಗಿ ಬರುತ್ತಾನೆ.
ನಾನು ಮೊಬೈಲಿನಲ್ಲಿ ಫೋಟೊ ಹಿಡಿದು ಬೆರಳಿಟ್ಟು ಎಣಿಸಿದೆ,
ನೂರಾ ನಲವತ್ತು, ನೂರಾ ಅರವತ್ತಮೂರು,
ಮತ್ತೆ ನೂರಾ ಐವತ್ತೊಂದು.

ಮೀನಿನ ಸುದ್ದಿಯೆಲ್ಲ ಓವಿಗೆ ಬೇಕು.
ಗಂಜಿಯ ತಟ್ಟೆ ಹಿಡಿದು, "ಇವತ್ತು ಎಷ್ಟುದ್ದ?"
ನಾನು ಬೆರಳಿನ ಉಗುರು ತೋರಿಸುತ್ತೇನೆ.

ಆರನೇ ವಾರ ಜೋಡಿ ಮತ್ತೆ ಕುಂಡ ತಿಕ್ಕತೊಡಗಿತು.
"ಈಗ ಮರಿ ಬೇರೆ ಮಾಡಿ," ಅಂದ ಅಂಗಡಿಯವನು,
"ಇಷ್ಟು ದಿನ ಕಾದವರೇ ತಿಂತಾರೆ."
ನೂರು ಮರಿಗೆ ಒಂದು ಪೊಟ್ಟಣ ಕಾಳು ಕೊಡುತ್ತಾನಂತೆ.

ಅದೇ ತಿಂಗಳು ಒಂಬತ್ತಕ್ಕೆ ಓವಿಗೆ ಆರು ತುಂಬಿತು.
ಕಾಗದ ಬಂತು. ಶಿರೂರಿನ ಚಿಕ್ಕವ್ವ ಕರೆದೊಯ್ಯುತ್ತಾಳೆ.
ಓವಿ ಕೇಳಿದ್ದು ಇಷ್ಟೇ:
"ಮರಿಗಳಿಗೆ ಅವ್ವ ಕಾಣ್ತಾಳಾ?"

ಎರಡನೇ ತೊಟ್ಟಿ ತಂದು ಗಾಜಿಗೆ ಗಾಜು ತಾಗಿಸಿ ಇಟ್ಟೆ.
ಮೂರು ದಿನ ಆಕೆ ಆ ಗಾಜನ್ನು ಬಿಟ್ಟು ಕದಲಲಿಲ್ಲ.
ನಾಲ್ಕನೇ ದಿನ ಕುಂಡದಲ್ಲಿ ಹೊಸ ತತ್ತಿ.
ಇದನ್ನು ಓವಿಗೆ ಹೇಳಲಿಲ್ಲ.
ಅವಳವ್ವನಿಗಂತೂ ಹೇಳಲಿಲ್ಲ.

ಗೇಟಿನ ಪುಸ್ತಕದಲ್ಲಿ ಚಿಕ್ಕವ್ವನ ಹೆಬ್ಬೆಟ್ಟು.
ಹೊಸ ಚಪ್ಪಲಿ, ಒಂದು ನಂಬರು ದೊಡ್ಡದು.
ಓವಿ ಹೊಸ್ತಿಲ ಮೇಲೆ ನಿಂತು ಕೈಯೆತ್ತಿದಳು.
ಎಣಿಸಿದೆ.
ಒಂದು.

ಮನೆಗೆ ಬಂದು ಮೂರರಲ್ಲೊಂದು ಪಾಲು ನೀರು ಬದಲಿಸಿದೆ.
ನಳದ ನೀರೇ. ವಾಸನೆ ಹಾರಲೆಂದು
ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಹಿಡಿದಿಟ್ಟದ್ದು.